ಹದಿನಾಲ್ಕು ಪದಗಳು

೪ ಜನವರಿ

ಪ್ರೀತಿಯ ಗುಂಡಿಗೆ,

ಹೀಗೆ ಬರೆದದ್ದನ್ನು ನೋಡಿ ನಿಮ್ಮಣ್ಣ ನನ್ನ ಬೆನ್ನ ಹಿಂದೆ ನಿಂತು ನಗುತ್ತಿದ್ದಾರೆ. ‘ಪ್ರೀತಿಯ ಗುಂಡಿಗೆ’ ಎಂದರೆ ಯಾರೋ ಹೃದಯಕ್ಕೇ ಕಾಗದ ಬರೆದ ಹಾಗಿದೆಯಂತೆ. ಮೂರು ವರ್ಷದವಳಿದ್ದಾಗ ಅವರ ಅಂಗಿಯ ಗುಂಡಿ ನುಂಗಿದವಳು ನೀನು, ಹೆಸರು ಇಟ್ಟವರು ಅವರು, ಈಗ ನಗುವವರೂ ಅವರೇ.

ವಿಷಯಕ್ಕೆ ಬರುತ್ತೇನೆ. ನನ್ನ ಬಲ ಭುಜ ಕೈಕೊಟ್ಟಿದೆ. ಇಪ್ಪತ್ತೆಂಟು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತದ್ದಕ್ಕೆ ಸಿಕ್ಕ ಬಹುಮಾನ. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಹೊಲಿಯಬಾರದು ಎಂದು ಡಾಕ್ಟರು ಹೇಳಿದ್ದಾರೆ. ಉಳಿದ ಹೊತ್ತು ಏನು ಮಾಡಲಿ? ಸುಮ್ಮನೆ ಕೂತರೆ ನನಗೆ ಹುಚ್ಚು ಹಿಡಿಯುತ್ತದೆ. ನಿಮ್ಮಣ್ಣನೇ ಹೇಳಿದರು: “ಗುಂಡಿ ಮನೇಲಿ ಕೂತು ವೆಬ್‌ಸೈಟುಗಳಿಗೆ ಬರೀತಾಳಲ್ಲ, ನೀನೂ ಬರಿ. ಹೊಲಿಗೆ ಬಗ್ಗೆ ನಿನಗೆ ಗೊತ್ತಿರೋದು ಇನ್ಯಾರಿಗೆ ಗೊತ್ತು?”

ಅವರಿಗಂತೂ ಮೊಬೈಲಿನಲ್ಲಿ ಬಂದದ್ದೆಲ್ಲ ವೇದವಾಕ್ಯ. ಬೆಳಗಿನ ಸುತ್ತು ಮುಗಿಸಿ ಶಾಲೆಯ ಬಸ್ಸು ನಿಲ್ಲಿಸಿ ಬಂದರೆ, ಮಧ್ಯಾಹ್ನ ಮತ್ತೆ ಹೋಗುವ ತನಕ ನನ್ನ ಪಕ್ಕ ಕೂತು ಓದಿ ಹೇಳುವುದೇ ಕೆಲಸ. ಇಲಿ ಓಡಿಸುವುದು, ನೊಣ ನಿದ್ದೆ ಮಾಡುವುದು, ಎಲ್ಲವೂ ನನ್ನ ಕಿವಿಗೆ ಬಿದ್ದಿದೆ.

ಫೋನಿನಲ್ಲಿ ಕೇಳಿದ್ದಕ್ಕೆ ನೀನು ‘ಕಾಗದದಲ್ಲಿ ಬರೆದು ಕೇಳಿ, ಬರೆಯುವ ರೂಢಿಯಾಗಲಿ’ ಎಂದೆ. ಇಗೋ ಬರೆದಿದ್ದೇನೆ. ಹತ್ತನೇ ತರಗತಿಯವರೆಗೆ ಓದಿದವಳಿಗೆ ಈ ಕೆಲಸ ಆಗುತ್ತದೆಯೇ? ಮುಲಾಜಿಲ್ಲದೆ ಹೇಳು.

ನಿನ್ನ ಅತ್ತಿಗೆ

೧೫ ಜನವರಿ

ಪ್ರೀತಿಯ ಅತ್ತಿಗೆ,

ಖಂಡಿತ ಆಗುತ್ತದೆ. ನಿಮ್ಮ ಕಾಗದ ಓದಿ ನಕ್ಕೆ. ನಗಿಸುವುದು ಬಂದರೆ ಅರ್ಧ ಕೆಲಸ ಬಂದ ಹಾಗೆ.

ಒಂಬತ್ತು ವರ್ಷಗಳಲ್ಲಿ ನಾನು ಕಲಿತದ್ದನ್ನು ಹೇಳುತ್ತೇನೆ. ವೆಬ್‌ಗೆ ಬರೆಯುವಾಗ ಓದುಗರು ಕುರ್ಚಿಯಲ್ಲಿ ಆರಾಮಾಗಿ ಕೂತಿದ್ದಾರೆ ಎಂದುಕೊಳ್ಳಬೇಡಿ. ಅವರು ಬಸ್ಸಿನಲ್ಲಿ ನಿಂತಿದ್ದಾರೆ, ಒಲೆಯ ಮೇಲೆ ಹಾಲು ಇಟ್ಟಿದ್ದಾರೆ, ಒಂದು ಕೈಯಲ್ಲಿ ಮಗು ಇದೆ. ಏನೋ ಒಂದು ಕೆಟ್ಟುಹೋಗಿರುವುದರಿಂದ ನಿಮ್ಮ ಬಳಿ ಬಂದಿದ್ದಾರೆ. ಹಾಗಾಗಿ ಪೀಠಿಕೆ ಬೇಡ, ಮೊದಲ ಎರಡು ಸಾಲಿನಲ್ಲೇ ಉತ್ತರ ಇರಲಿ. ಒಂದು ಬರಹಕ್ಕೆ ಒಂದೇ ಪ್ರಶ್ನೆ. ಆ ಪ್ರಶ್ನೆಯನ್ನೂ ಜನ ಕೇಳುವ ಮಾತಿನಲ್ಲೇ ಇಡಿ. ನಿಮ್ಮ ಅಂಗಡಿಗೆ ಬಂದವರು ‘ವಸ್ತ್ರದ ಸಂಕೋಚನ’ ಎನ್ನುತ್ತಾರೆಯೇ? ‘ಒಗೆದ ಮೇಲೆ ಗಿಡ್ಡ ಆಗಿಬಿಡ್ತು’ ಎನ್ನುತ್ತಾರೆ. ಮೊಬೈಲಿನಲ್ಲಿ ಹುಡುಕುವಾಗಲೂ ಅದನ್ನೇ ಬರೆಯುತ್ತಾರೆ.

ಮೂರು ನಾಲ್ಕು ಸಾಲಿಗೆ ಒಂದು ಪ್ಯಾರಾ. ನಡುನಡುವೆ ಸಣ್ಣ ತಲೆಬರಹ. ಬರೆದದ್ದನ್ನು ಜೋರಾಗಿ ಓದಿ, ಉಸಿರು ಕಟ್ಟಿದಲ್ಲಿ ವಾಕ್ಯ ಮುರಿಯಿರಿ. ಕೇಳಿದಷ್ಟೇ ಪದ ಕೊಡಿ. ಎಂಟುನೂರು ಎಂದರೆ ಎಂಟುನೂರೇ. ಇನ್ನೊಬ್ಬರದನ್ನು ನಕಲು ಮಾಡಬೇಡಿ, ನಿಮ್ಮದರ ಒಂದು ಪ್ರತಿ ಸದಾ ಇಟ್ಟುಕೊಳ್ಳಿ. ಎಲ್ಲ ಕಡೆ ನಿಮ್ಮ ಹೆಸರು ಹಾಕುವುದಿಲ್ಲ, ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ. ನನ್ನ ನೂರಾರು ಬರಹಗಳು ‘ನಮ್ಮ ತಂಡದಿಂದ’ ಎಂದು ಓಡಾಡುತ್ತಿವೆ.

ಮೊದಲ ಬರಹ ನನಗೆ ಕಳಿಸಿ. ಅಣ್ಣನಿಗೆ ಹೇಳಿ, ನೊಣ ನಿದ್ದೆ ಮಾಡುವುದು ನಿಜ.

ನಿಮ್ಮ ಗುಂಡಿ

೨ ಫೆಬ್ರುವರಿ

ಪ್ರೀತಿಯ ಗುಂಡಿಗೆ,

‘ಕಚ್ಚಿಕೊಂಡ ಜಿಪ್ ಬಿಡಿಸುವುದು ಹೇಗೆ?’ ಎಂಬ ಬರಹವನ್ನು ಇದರ ಜೊತೆ ಇಟ್ಟಿದ್ದೇನೆ. ನಾಲ್ಕು ಸಲ ಬರೆದೆ, ನಾಲ್ಕು ಸಲ ಬಿಚ್ಚಿದೆ. ಬಟ್ಟೆಯಾದರೆ ಕತ್ತರಿ ಹಾಕಿದ ಮೇಲೆ ಮುಗಿಯಿತು. ಇಲ್ಲಿ ಎಷ್ಟು ಸಲ ಬೇಕಾದರೂ ಕತ್ತರಿಸಬಹುದು ಎನ್ನುವುದೇ ದೊಡ್ಡ ಸಮಾಧಾನ. ನಿಮ್ಮಣ್ಣನನ್ನು ಎದುರಿಗೆ ಕೂರಿಸಿ ಜೋರಾಗಿ ಓದಿದೆ. ಎರಡನೇ ಪ್ಯಾರಾದಲ್ಲಿ ಆಕಳಿಸಿದರು. ಅದನ್ನು ತೆಗೆದುಹಾಕಿದೆ. ಒಳ್ಳೆಯ ಉಪಯೋಗಕ್ಕೆ ಬರುವ ಮನುಷ್ಯ.

ನಿನ್ನ ಅತ್ತಿಗೆ

೧೪ ಫೆಬ್ರುವರಿ

ಪ್ರೀತಿಯ ಅತ್ತಿಗೆ,

ಬರಹ ಚೆನ್ನಾಗಿದೆ. ಜಿಪ್ಪಿನ ಹಲ್ಲಿಗೆ ಪೆನ್ಸಿಲ್ ಉಜ್ಜುವ ಉಪಾಯ ನನಗೇ ಗೊತ್ತಿರಲಿಲ್ಲ. ತಿದ್ದಿ ಕಳಿಸಿದ್ದೇನೆ, ನೋಡಿ.

ಒಂದೇ ತಕರಾರು. ‘ಬಹುಶಃ’, ‘ಕೆಲವೊಮ್ಮೆ’, ‘ಎಲ್ಲ ಬಟ್ಟೆಗೂ ಆಗದು’ ಎಂದು ಮಾತುಮಾತಿಗೆ ಹಿಂಜರಿಯುತ್ತೀರಿ. ಓದುವವರು ನಿಮ್ಮ ಬಳಿ ಅನುಮಾನ ಕೇಳಿಕೊಂಡು ಬಂದಿಲ್ಲ, ಧೈರ್ಯ ಕೇಳಿಕೊಂಡು ಬಂದಿದ್ದಾರೆ. ಖಚಿತವಾಗಿ ಹೇಳುವವರನ್ನೇ ಜನ ಮತ್ತೆ ಹುಡುಕಿಕೊಂಡು ಬರುವುದು. ಕೊನೆಯ ಸಾಲು, ‘ರೇಷ್ಮೆಯಾದರೆ ನೀವು ಕೈ ಹಾಕಬೇಡಿ, ದರ್ಜಿಯ ಹತ್ತಿರ ತೆಗೆದುಕೊಂಡು ಹೋಗಿ’ ಎನ್ನುವುದನ್ನು ನಾನು ತೆಗೆದಿದ್ದೇನೆ. ಅಷ್ಟೊತ್ತು ಓದಿಸಿ ಕೊನೆಗೆ ಬೇರೆಯವರ ಹತ್ತಿರ ಹೋಗಿ ಎಂದರೆ ಓದಿದವರಿಗೆ ಏನನ್ನಿಸುತ್ತದೆ?

ಕೆಲಸ ತಲೆಯ ಮೇಲಿದೆ. ವಾರಕ್ಕೆ ಹನ್ನೆರಡು ಬರಹ ಒಪ್ಪಿಕೊಂಡಿದ್ದೇನೆ. ಈ ಸಲ ಕಾಗದ ತಡವಾದರೆ ಬೈಯಬೇಡಿ.

ನಿಮ್ಮ ಗುಂಡಿ

೨೭ ಫೆಬ್ರುವರಿ

ಪ್ರೀತಿಯ ಗುಂಡಿಗೆ,

ನನ್ನ ಬರಹ ವೆಬ್‌ಸೈಟಿನಲ್ಲಿ ಬಂತು. ನಿಮ್ಮಣ್ಣ ಬಸ್ಸು ನಿಲ್ಲಿಸುವ ಜಾಗದಲ್ಲಿ ಎಲ್ಲ ಚಾಲಕರಿಗೂ ಮೊಬೈಲು ಹಿಡಿದು ತೋರಿಸಿದ್ದಾರೆ. ಒಬ್ಬ ಚಾಲಕ ಸಂಜೆಯೇ ತನ್ನ ಜಾಕೆಟ್ಟಿನ ಜಿಪ್ ತಂದು ನನ್ನ ಮೇಜಿನ ಮೇಲೆ ಇಟ್ಟು, ಓದಿದರೂ ಬರಲಿಲ್ಲ ಅಕ್ಕಾ, ನೀವೇ ಮಾಡಿಕೊಡಿ ಎಂದ. ಬರೆದದ್ದರಿಂದ ಕೆಲಸ ಕಡಿಮೆ ಆಗುವ ಬದಲು ಹೆಚ್ಚಾಯಿತು.

ನೀನು ತೆಗೆದ ಸಾಲನ್ನು ನಾನು ಮತ್ತೆ ಸೇರಿಸಿ ಸೈಟಿನವರಿಗೆ ಕಳಿಸಿದ್ದೆ. ಸಿಟ್ಟಾಗಬೇಡ. ರೇಷ್ಮೆಯನ್ನು ಹಾಳುಮಾಡಿಕೊಂಡು ಅಳುತ್ತಾ ಬಂದವರನ್ನು ನಾನು ನೋಡಿದ್ದೇನೆ. ನೀನು ನೋಡಿಲ್ಲ.

ಬಿಡುವಾದಾಗ ಬರೆ. ನಿಮ್ಮಣ್ಣ ಕೇಳುತ್ತಿರುತ್ತಾರೆ.

ನಿನ್ನ ಅತ್ತಿಗೆ

೨೧ ಏಪ್ರಿಲ್

ಗುಂಡಿ,

ತಿಥಿ ಮುಗಿಸಿಕೊಂಡು ನೀನು ಹೊರಟು ಹೋಗಿ ಹತ್ತು ದಿನವಾಯಿತು. ಆ ಜನರ ನಡುವೆ ನಿನ್ನೊಡನೆ ನಾಲ್ಕು ಮಾತಾಡಲಿಕ್ಕೆ ಆಗಲಿಲ್ಲ. ನೀನೂ ಗೋಡೆಗೆ ಒರಗಿ ಕೂತವಳು ಎದ್ದೇ ಇಲ್ಲ. ನಿಮ್ಮಣ್ಣನಿಗೆ ಏನಾಯಿತು ಎಂದು ಕೇಳಿದವರಿಗೆಲ್ಲ ನಾನು ‘ಹೃದಯಾಘಾತ’ ಎಂಬ ಒಂದೇ ಪದ ಹೇಳಿದೆ. ನಿನಗೆ ಪೂರ್ತಿ ಹೇಳಬೇಕು.

ಮಾರ್ಚ್ ಮೂವತ್ತರಂದು ಎಂದಿನಂತೆ ಒಂಬತ್ತೂವರೆಗೆ ಮನೆಗೆ ಬಂದರು. ಎದೆಯ ಕೆಳಗೆ ಏನೋ ಹಿಡಿದುಕೊಂಡ ಹಾಗಿದೆ ಎಂದರು. ತಿಂದದ್ದು ಸರಿಹೋಗಿಲ್ಲ ಎಂದುಕೊಂಡೆವು. ನಾನು ಸಮವಸ್ತ್ರದ ಅಂಗಿಗೆ ತೋಳು ಕೂಡಿಸುತ್ತಿದ್ದೆ. ಅವರು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು ಮೊಬೈಲಿನಲ್ಲಿ ಹುಡುಕಿದರು. ಒಂದು ಬರಹ ಸಿಕ್ಕಿತು. ನನಗೆ ಓದಿ ಹೇಳಿದರು. ‘ಎದೆಯನ್ನು ದೂರಬೇಡಿ, ಬೈಯುತ್ತಿರುವುದು ಹೊಟ್ಟೆ’ ಎಂದು ಅದರ ಮೊದಲ ಸಾಲು. ಓದಿ ನಕ್ಕರು. ಬಿಸಿನೀರು ಕುಡಿಯಬೇಕು, ಎಡಮಗ್ಗುಲಾಗಿ ಮಲಗಬೇಕು, ಒಂದು ಗಂಟೆ ಕಾಯಬೇಕು, ಗಾಬರಿಯಾಗಬಾರದು ಎಂದಿತ್ತು. ಬಿಸಿನೀರು ಕಾಸಿ ಕೊಟ್ಟೆ. ಎಡಮಗ್ಗುಲಾಗಿ ಮಲಗಿದರು. ಹಣೆ ಬೆವರಿತ್ತು, ಒರೆಸಿದೆ. ಫ್ಯಾನ್ ಜೋರು ಮಾಡಿದೆ. ಹತ್ತೂಮುಕ್ಕಾಲಿಗೆ ಎಡಗೈ ಜೋಮು ಹಿಡಿದಿದೆ ಎಂದರು. ಆ ಮಗ್ಗುಲಿಗೇ ಮಲಗಿದ್ದೀರಲ್ಲ, ಅದಕ್ಕೇ ಎಂದೆ. ಹನ್ನೊಂದಕ್ಕೆ ಕರೆದರೆ ಮಾತಾಡಲಿಲ್ಲ.

ಆಸ್ಪತ್ರೆಯಲ್ಲಿದ್ದ ಹೆಣ್ಣು ಡಾಕ್ಟರು ಬಹಳ ಮೆಲ್ಲಗೆ ಕೇಳಿದರು, “ಒಂದು ಗಂಟೆ ಮೊದಲೇ ಯಾಕೆ ಬರಲಿಲ್ಲ?” ಮೊಬೈಲಿನಲ್ಲಿ ಕಾಯಿರಿ ಎಂದಿತ್ತು ಎನ್ನಲೇ?

ನೀನು ಈ ಕೆಲಸದಲ್ಲಿರುವವಳು. ನಿನ್ನನ್ನು ಒಂದೇ ಒಂದು ಮಾತು ಕೇಳುತ್ತೇನೆ. ಇಂಥವನ್ನು ಯಾರು ಬರೆಯುತ್ತಾರೆ? ಬರೆಯುವ ಮೊದಲು ಒಬ್ಬ ಡಾಕ್ಟರನ್ನಾದರೂ ಕೇಳುತ್ತಾರೆಯೇ?

ಅತ್ತಿಗೆ

೨೯ ಏಪ್ರಿಲ್

ಪ್ರೀತಿಯ ಅತ್ತಿಗೆ,

ನಿಮ್ಮ ಕಾಗದ ಬಂತು.

ನೀವು ಸರಿಯಾಗಿ ಊಟ ಮಾಡುತ್ತಿದ್ದೀರಾ? ಭುಜದ ವ್ಯಾಯಾಮ ಬಿಡಬೇಡಿ. ಒಂಟಿಯಾಗಿ ಇರುವುದು ಕಷ್ಟವಾದರೆ ಎದುರು ಮನೆಯವರನ್ನು ರಾತ್ರಿ ಜೊತೆಗೆ ಮಲಗಲು ಕರೆಯಿರಿ. ಬರೆಯುವುದನ್ನೂ ಬಿಡಬೇಡಿ, ಮನಸ್ಸು ಬೇರೆ ಕಡೆ ತಿರುಗುತ್ತದೆ. ಕಿತ್ತುಹೋದ ಹೊಲಿಗೆ, ಹಳೆಯ ಬಟ್ಟೆಯ ಮರುಬಳಕೆ, ಇಂಥ ವಿಷಯಗಳನ್ನು ಈಗ ಎಲ್ಲರೂ ಕೇಳುತ್ತಿದ್ದಾರೆ.

ಎಷ್ಟು ಬೇಗ ಆಸ್ಪತ್ರೆಗೆ ಕರೆದೊಯ್ದರೂ ಕೆಲವರು ಉಳಿಯುವುದಿಲ್ಲ ಎನ್ನುತ್ತಾರೆ. ಆ ಒಂದು ಗಂಟೆಯನ್ನು ಮತ್ತೆ ಮತ್ತೆ ನೆನೆಸಿಕೊಳ್ಳಬೇಡಿ.

ಗುಂಡಿ

೬ ಮೇ

ನಾನು ಕೇಳಿದ್ದು ಒಂದು, ನೀನು ಬರೆದದ್ದು ಇನ್ನೊಂದು. ಊಟ ಮಾಡುತ್ತಿದ್ದೇನೆ.

ಅತ್ತಿಗೆ

೧೮ ಜುಲೈ

ಅತ್ತಿಗೆ,

ಇದು ಏಳನೆಯ ಸಲ ಬರೆಯುತ್ತಿರುವುದು. ಆರನ್ನು ಹರಿದು ಹಾಕಿದ್ದೇನೆ. ಎರಡೂವರೆ ತಿಂಗಳಿನಿಂದ ನಿಮ್ಮ ಕಾಗದವೂ ಇಲ್ಲ. ನಿಮಗೆ ಇನ್ನೂ ಏನೂ ಗೊತ್ತಿಲ್ಲ, ಗೊತ್ತಾಗದಿದ್ದರೆ ನೀವಾದರೂ ನೆಮ್ಮದಿಯಿಂದ ಇರುತ್ತೀರಿ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಮ್ಮ ನೆಮ್ಮದಿಗಾಗಿ ಅಲ್ಲ, ನನ್ನ ಹೇಡಿತನಕ್ಕಾಗಿ.

ಆ ಬರಹವನ್ನು ಬರೆದವಳು ನಾನು.

ಮೂರು ವರ್ಷದ ಹಿಂದೆ ಬರೆದದ್ದು. ಆರೋಗ್ಯದ ಸೈಟೊಂದಕ್ಕೆ ಹೊಟ್ಟೆಯ ಗ್ಯಾಸಿನ ಮೇಲೆ ಒಂಬೈನೂರು ಪದ ಕೇಳಿದ್ದರು. ‘ಎದೆಯನ್ನು ದೂರಬೇಡಿ, ಬೈಯುತ್ತಿರುವುದು ಹೊಟ್ಟೆ’ ಎಂಬ ಸಾಲು ಹೊಳೆದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಡಾಕ್ಟರನ್ನು ಕೇಳಿರಲಿಲ್ಲ. ಬೇರೆ ನಾಲ್ಕು ಸೈಟು ಓದಿ, ಅಲ್ಲಿದ್ದದ್ದನ್ನು ನನ್ನ ಮಾತಿನಲ್ಲಿ ಬರೆದಿದ್ದೆ. ಆ ನಾಲ್ಕನ್ನು ಬರೆದವರೂ ಹಾಗೆಯೇ ಬರೆದಿರಬೇಕು. ನೀವು ಕೇಳಿದ ಪ್ರಶ್ನೆಗೆ ಇದು ಉತ್ತರ.

ಕೊನೆಯ ಸಾಲನ್ನು ಸಂಪಾದಕರು ಕತ್ತರಿಸಿದರು ಎಂದು ಹೇಳಿಬಿಡುವ ಆಸೆ ಬಹಳ ಇತ್ತು. ಹರಿದು ಹಾಕಿದ ಎರಡು ಕಾಗದಗಳಲ್ಲಿ ಹಾಗೆಯೇ ಬರೆದಿದ್ದೆ. ಅದು ಸುಳ್ಳು. ಕೊನೆಗೆ ಒಂದು ಸಾಲು ಇತ್ತು: ‘ನೋವಿನ ಜೊತೆ ಬೆವರು ಬಂದರೆ, ಎಡಗೈಗೋ ದವಡೆಗೋ ನೋವು ಹರಡಿದರೆ, ಇದನ್ನು ಓದುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.’ ಹದಿನಾಲ್ಕು ಪದ. ಬರಹ ಒಂಬೈನೂರ ಹದಿನಾಲ್ಕು ಪದ ಆಗಿತ್ತು. ಆ ಸಾಲು ತೆಗೆದರೆ ಲೆಕ್ಕ ಸರಿಹೋಗುತ್ತಿತ್ತು, ಓದುವವರಿಗೆ ಹೆದರಿಕೆಯೂ ಆಗುತ್ತಿರಲಿಲ್ಲ. ತೆಗೆದೆ. ತೆಗೆದು ಕಾಫಿ ಮಾಡಿಕೊಂಡು ಕುಡಿದೆ. ಅದೂ ನೆನಪಿದೆ.

ನಿಮ್ಮ ಏಪ್ರಿಲ್ ಕಾಗದದಲ್ಲಿ ಆ ಮೊದಲ ಸಾಲು ಓದಿದಾಗ ನಾನು ಅಂಚೆ ಪೆಟ್ಟಿಗೆಯ ಹತ್ತಿರ ಮೆಟ್ಟಿಲ ಮೇಲೆ ನಿಂತಿದ್ದೆ. ಅಲ್ಲೇ ಕೂತುಬಿಟ್ಟೆ. ಕೆಳಗಿನ ಮನೆಯ ಅಜ್ಜಿ ನೀರು ತಂದು ಕೊಟ್ಟು, ಯಾರಮ್ಮಾ ಹೋದರು ಎಂದು ಕೇಳಿದರು. ಅಣ್ಣ ಎಂದೆ. ಮೊನ್ನೆ ತಾನೇ ಹೋದರು ಎಂದಿದ್ದೆಯಲ್ಲ ಎಂದರು.

ಆ ವಾರವೇ ಸೈಟಿನವರಿಗೆ ಬರೆದೆ, ಎರಡು ದಿನದಲ್ಲಿ ತೆಗೆದರು. ಆದರೆ ಅದನ್ನು ಎತ್ತಿಕೊಂಡು ಹಾಕಿದ ಬೇರೆ ಸೈಟುಗಳು ಐದಿದ್ದವು. ಮೂವರು ತೆಗೆದಿದ್ದಾರೆ. ಇಬ್ಬರ ವಿಳಾಸವೇ ಸಿಗುತ್ತಿಲ್ಲ. ಪ್ರತಿ ಸೋಮವಾರ ಮೊಬೈಲಿನಲ್ಲಿ ಹುಡುಕುತ್ತೇನೆ. ಪ್ರತಿ ಸೋಮವಾರ ನನ್ನ ಸಾಲೇ ನನ್ನ ಮುಖಕ್ಕೆ ಬಂದು ರಾಚುತ್ತದೆ.

ನಿಮಗೆ ಕೊಟ್ಟ ಸಲಹೆಗಳನ್ನೆಲ್ಲ ಹಿಂದಕ್ಕೆ ಪಡೆಯಲಾರೆ. ಅವುಗಳಲ್ಲಿ ಹಲವು ಈಗಲೂ ಸರಿಯೇ. ಆದರೆ ನಾನು ಮೊದಲು ಹೇಳಬೇಕಾಗಿದ್ದ ಮಾತು ಬೇರೆ. ಪ್ರತಿ ಬರಹದಲ್ಲೂ ಓದುವವರು ಓದುವುದನ್ನು ನಿಲ್ಲಿಸಿ ಎದ್ದು ಹೋಗಬೇಕಾದ ಜಾಗ ಒಂದಿರುತ್ತದೆ. ಅದನ್ನು ಬರೆಯುವವರೇ ತೋರಿಸಬೇಕು. ಕೊನೆಯಲ್ಲಿ ಅಲ್ಲ, ಮೊದಲ ಸಾಲಿನಲ್ಲಿ. ಅದು ನಿಮಗೆ ಜಿಪ್ಪಿನ ಬರಹದಲ್ಲೇ ಗೊತ್ತಿತ್ತು. ಒಂಬತ್ತು ವರ್ಷದಲ್ಲಿ ನನಗೆ ಗೊತ್ತಾಗಲಿಲ್ಲ.

ಕ್ಷಮಿಸಿ ಎಂದು ಬರೆಯುವ ಯೋಗ್ಯತೆ ನನಗಿಲ್ಲ. ಬೈದು ಬರೆಯಿರಿ. ಬರೆಯದೆಯೂ ಇರಬಹುದು.

ನಿಮ್ಮ ನಾದಿನಿ

೩ ಅಕ್ಟೋಬರ್

ಗುಂಡಿ,

ನಿನ್ನ ಕಾಗದ ಬಂದಾಗಿನಿಂದ ಅದು ಹೊಲಿಗೆ ಯಂತ್ರದ ಡ್ರಾಯರಿನಲ್ಲಿದೆ. ದಾರದ ಉಂಡೆ ತೆಗೆಯುವಾಗಲೆಲ್ಲ ಕೈಗೆ ತಗಲುತ್ತದೆ. ಎರಡೂವರೆ ತಿಂಗಳು ನೀನೂ ಸುಮ್ಮನಿದ್ದೆ, ನಾನೂ ಸುಮ್ಮನಿದ್ದೆ. ಲೆಕ್ಕ ಸರಿಹೋಯಿತು ಎಂದು ಒಂದು ದಿನ ಅನ್ನಿಸಿತು. ಆಮೇಲೆ ನನ್ನ ಬುದ್ಧಿಗೆ ನಾಚಿಕೆಯಾಯಿತು.

ನನಗೆ ಮೊದಲೇ ಗೊತ್ತಿತ್ತು. ಆ ದಿನವೇ ಗೊತ್ತಿತ್ತು. ಮೊದಲ ಸಾಲು ಓದಿ ನಿಮ್ಮಣ್ಣ ನಕ್ಕರು ಎಂದು ಬರೆದಿದ್ದೆನಲ್ಲ, ನಕ್ಕು ಏನು ಹೇಳಿದರು ಎಂದು ಬರೆದಿರಲಿಲ್ಲ. “ನೋಡು, ನಮ್ಮ ಗುಂಡಿ ಬರೆದಂಗೇ ಇದೆ” ಎಂದರು. ಅವರಿಗೆ ನಿನ್ನ ಮಾತಿನ ವರಸೆ ಗೊತ್ತಿಲ್ಲವೇ? ಎತ್ತಿ ಆಡಿಸಿದವರು. ಇವಳೇ ಇರಬೇಕು, ಇವಳಾದ್ರೆ ಸರಿಯಾಗೇ ಬರೆದಿರ್ತಾಳೆ ಎಂದು ಮೊಬೈಲು ಕೆಳಗಿಟ್ಟು ನೀರು ಕೇಳಿದರು.

ಏಪ್ರಿಲಿನಲ್ಲಿ ಆ ಪ್ರಶ್ನೆ ಕೇಳಿದ್ದು ಉತ್ತರ ಗೊತ್ತಿಲ್ಲದೆ ಅಲ್ಲ. ನೀನೇ ಹೇಳುತ್ತೀಯಾ ಎಂದು ನೋಡಲು ಕೇಳಿದೆ. ನೀನು ಭುಜದ ವ್ಯಾಯಾಮ ಮಾಡು ಎಂದೆ. ಆ ಕಾಗದವನ್ನು ಒಲೆಗೆ ಹಾಕಿದೆ. ನಿನ್ನ ಮುಖ ನೋಡಬಾರದು ಎಂದುಕೊಂಡೆ. ನಾದಿನಿ ಎಂಬ ಸಂಬಂಧ ಗಂಡನ ಜೊತೆಗೇ ಮುಗಿಯಿತು, ಇನ್ನು ನನಗೂ ಅವಳಿಗೂ ಏನು ಎಂದು ಎದುರು ಮನೆಯವರ ಮುಂದೆ ಹೇಳಿದೆ ಕೂಡ.

ಜುಲೈಯಲ್ಲಿ ನೀನು ಎಲ್ಲ ಬರೆದು ಕಳಿಸಿದೆ. ಸಂಪಾದಕರ ಮೇಲೆ ಹಾಕಬಹುದಿತ್ತು, ಹಾಕಲಿಲ್ಲ. ಅದನ್ನು ಓದಿದ ಮೇಲೆ ನನಗೆ ನಿದ್ದೆ ಹಾರಿಹೋಯಿತು. ಏಕೆಂದರೆ ನಾನೂ ಒಂದು ಸಾಲು ಬಿಟ್ಟೇ ಬರೆದಿದ್ದೇನೆ.

ಅವರು ಹತ್ತೂಕಾಲಿಗೆ ಎದ್ದಿದ್ದರು, ಗುಂಡಿ. ಹಾಸಿಗೆಯಿಂದ ಎದ್ದು ಅಂಗಿ ಹಾಕಿಕೊಂಡು ಬಾಗಿಲ ತನಕ ಬಂದಿದ್ದರು. “ಯಾಕೋ ಸರಿಯಿಲ್ಲ ಅನ್ಸತ್ತೆ, ಒಂದ್ಸಲ ತೋರಿಸ್ಕೊಂಡು ಬಂದ್ಬಿಡೋಣ್ವಾ?” ಎಂದರು. ನಾನು ತಲೆ ಎತ್ತಲಿಲ್ಲ. ಒಂದು ತೋಳು ಕೂಡಿಸಿ ಆಗಿತ್ತು, ಇನ್ನೊಂದು ಉಳಿದಿತ್ತು. “ಒಂದ್ ಗಂಟೆ ಕಾಯಿ ಅಂತಿದೆಯಲ್ಲ. ಇದೊಂದು ತೋಳು ಮುಗಿಸ್ಬಿಡ್ತೀನಿ, ಮಲಕ್ಕೊಳ್ಳಿ” ಎಂದೆ. ಅವರು ಹೋಗಿ ಮಲಗಿದರು. ನಾನು ಹೇಳಿದರೆ ಕೇಳುವ ಮನುಷ್ಯ. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವಾದರೂ ನನ್ನ ಮಾತು ಮೀರಿದ್ದರೆ, ಅದು ಆ ದಿನವಾಗಿದ್ದರೆ.

ಆ ತೋಳು ಮುಗಿಯಿತು. ಚೆನ್ನಾಗಿಯೇ ಕೂತಿತು. ಆ ಅಂಗಿ ಹಾಕಿಕೊಂಡು ಯಾವುದೋ ಮಗು ಈಗ ಶಾಲೆಗೆ ಹೋಗುತ್ತಿದೆ.

ಡಾಕ್ಟರಿಗೆ ಹೇಳಲಿಲ್ಲ, ಬಂಧುಗಳಿಗೆ ಹೇಳಲಿಲ್ಲ, ನಿನಗೂ ಹೇಳಲಿಲ್ಲ. ತಪ್ಪೆಲ್ಲ ನಿನ್ನದೇ ಆಗಿದ್ದರೆ ನಾನು ಹೇಗೋ ಬದುಕಿಕೊಳ್ಳುತ್ತಿದ್ದೆ. ಅದಕ್ಕೇ ನಿನ್ನನ್ನು ದ್ವೇಷಿಸಲು ಅಷ್ಟು ಕಷ್ಟಪಟ್ಟೆ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯೋಣ ಎಂದು ಕೂತೆ. ಪೆನ್ನು ಓಡಲಿಲ್ಲ. ಇಲ್ಲದ್ದನ್ನು ಹೇಗೆ ಬರೆಯಲಿ? ನನ್ನನ್ನೂ ನಾನು ಕ್ಷಮಿಸಿಕೊಂಡಿಲ್ಲ. ಮುಂದೆ ಎಂದಾದರೂ ಆಗುತ್ತದೋ ಇಲ್ಲವೋ ತಿಳಿಯದು. ನೀನೂ ನನ್ನನ್ನು ಕ್ಷಮಿಸಿದೆ ಎಂದು ಅವಸರದಲ್ಲಿ ಬರೆದು ಕಳಿಸಬೇಡ. ಅವರು ನಿನಗೆ ನನಗಿಂತ ಮೊದಲಿನವರು.

ಆದರೆ ಒಂದು ಕೆಲಸವಿದೆ. ಅವರ ಬಟ್ಟೆಗಳು ಮರದ ಬೀರುವಿನಲ್ಲೇ ಇವೆ. ಬಾಗಿಲು ತೆಗೆದರೆ ಅವರ ವಾಸನೆ ಹೊರಟುಹೋಗುತ್ತದೆ ಎಂದು ಆರು ತಿಂಗಳಿಂದ ನಾನು ಅದನ್ನು ತೆಗೆದಿಲ್ಲ. ಈಗ ಒಳಗೆ ಹುಳು ಹೊಕ್ಕಿದೆ, ಬೀರುವಿನ ಕೆಳಗೆ ಪುಡಿ ಬೀಳುತ್ತಿದೆ. ಇನ್ನು ತೆಗೆಯದೆ ವಿಧಿಯಿಲ್ಲ. ತೆಗೆಯುವಾಗ ಆ ವಾಸನೆ ಗೊತ್ತಿರುವ ಇನ್ನೊಬ್ಬರು ಪಕ್ಕದಲ್ಲಿರಬೇಕು. ನಿನ್ನನ್ನು ಬಿಟ್ಟರೆ ಈ ಲೋಕದಲ್ಲಿ ಅಂಥವರು ಯಾರೂ ಉಳಿದಿಲ್ಲ.

ಭಾನುವಾರ ಬಾ. ನಾನು ಹೆಚ್ಚು ಮಾತಾಡಲಾರೆ, ನೀನೂ ಮಾತಾಡಬೇಡ. ಬೀರುವಿನ ಮುಂದೆ ಇಬ್ಬರೂ ಒಂದಷ್ಟು ಹೊತ್ತು ನಿಂತುಕೊಳ್ಳೋಣ.

ನಿನ್ನ ಅತ್ತಿಗೆ